12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್: 7805 ಸಾಕೇ, ಬಕ್ ಮಾಡ್ಯೂಲ್ ಬೇಕೇ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ಊರು ಚನ್ನಗಿರಿ ಹತ್ತಿರ. ನಮ್ಮ ಅಡಿಕೆ ತೋಟದ ಬೋರ್‌ವೆಲ್ ಮೋಟರನ್ನು ಫೋನಿನಿಂದ ಆನ್-ಆಫ್ ಮಾಡಲು ಒಂದು ಬಾಕ್ಸ್ ಮಾಡಿದ್ದೇನೆ. ಅದರಲ್ಲಿ ವೈಫೈ ಇರುವ ಇಎಸ್‌ಪಿ32 ಕಂಟ್ರೋಲರ್ ಬೋರ್ಡ್, ಎಸ್ಸೆಮ್ಮೆಸ್ ಕಳಿಸುವ ಸಿಮ್800ಎಲ್ ಜಿಎಸ್‌ಎಂ ಮಾಡ್ಯೂಲ್, ಎರಡು 5 ವೋಲ್ಟ್ ರಿಲೇ (ಕರೆಂಟ್ ಕೊಟ್ಟರೆ ಆನ್-ಆಫ್ ಆಗುವ ಸ್ವಿಚ್), ಮಣ್ಣಿನ ತೇವ ನೋಡುವ ಒಂದು ಕೆಪಾಸಿಟಿವ್ ಸೆನ್ಸರ್ ಇವೆ. 12 ವೋಲ್ಟ್ 7 ಆಂಪ್-ಅವರ್ ಬ್ಯಾಟರಿ, ಅದಕ್ಕೆ ಸೋಲಾರ್ ಪ್ಯಾನೆಲ್. 12 ವೋಲ್ಟನ್ನು 5ಕ್ಕೆ ಇಳಿಸಲು ಮೊದಲು 7805 ಲೀನಿಯರ್ ರೆಗ್ಯುಲೇಟರ್ ಹಾಕಿದ್ದೆ. ಕೈ ಇಡೋಕೆ ಆಗದಷ್ಟು ಬಿಸಿಯಾಗುತ್ತಿತ್ತು, ಮಧ್ಯಾಹ್ನ ಮೋಟರ್ ಓಡುವಾಗ ಎಲ್ಲಾ ಆಫ್ ಆಗುತ್ತಿತ್ತು. ಈಗ ಸ್ವಿಚಿಂಗ್ ಬಗೆಯ ಎಲ್‌ಎಂ2596 ಬಕ್ ಮಾಡ್ಯೂಲ್ ಹಾಕಿದ್ದೇನೆ. ಬಿಸಿ ಹೋಯಿತು. ಆದರೆ ಸೆನ್ಸರ್ ರೀಡಿಂಗ್ ಕುಣಿಯುತ್ತಿದೆ, ಎಸ್ಸೆಮ್ಮೆಸ್ ಹೋಗುವಾಗ ಜಿಎಸ್‌ಎಂ ಒಮ್ಮೊಮ್ಮೆ ರೀಸ್ಟಾರ್ಟ್ ಆಗುತ್ತದೆ, ಎರಡು ದಿನ ಮೋಡ ಕವಿದರೆ ಬ್ಯಾಟರಿ ಖಾಲಿ. ಒಬ್ಬ ಗೆಳೆಯ ‘ಲೀನಿಯರ್ ಹಳೇ ಕಾಲದ್ದು, ಬಿಸಾಕು’ ಅನ್ನುತ್ತಾನೆ. ಇನ್ನೊಬ್ಬ ‘ಸೆನ್ಸರ್ ಇರುವ ಕಡೆ ಸ್ವಿಚಿಂಗ್ ಹಾಕಲೇಬಾರದು’ ಅನ್ನುತ್ತಾನೆ. ಯಾವುದು ಸರಿ?

ಉತ್ತರ: ನಿಮ್ಮ ಪ್ರಶ್ನೆ ಒಂದೇ ಥರ ಕಂಡರೂ ಅದರೊಳಗೆ ನಾಲ್ಕು ತೊಂದರೆಗಳಿವೆ. ಬಿಸಿ, ಕುಣಿಯುವ ರೀಡಿಂಗ್, ಜಿಎಸ್‌ಎಂ ರೀಸ್ಟಾರ್ಟ್, ಬ್ಯಾಟರಿ. ನಾಲ್ಕಕ್ಕೂ ಕಾರಣ ಬೇರೆ ಬೇರೆ. ಬಿಸಿಗೆ ಮಾತ್ರ ನೇರವಾಗಿ ರೆಗ್ಯುಲೇಟರ್ ಕಾರಣ. ಉಳಿದವುಗಳಲ್ಲಿ ವೈರಿಂಗ್ ಮತ್ತು ರಿಲೇ ಜೋಡಿಸಿದ ರೀತಿಯ ಪಾಲೇ ಜಾಸ್ತಿ. ನಿಮ್ಮ ಇಬ್ಬರು ಗೆಳೆಯರ ಮಾತಲ್ಲೂ ಅರ್ಧರ್ಧ ನಿಜ ಇದೆ.

ಮೊದಲು ಇವೆರಡು ಹೇಗೆ ಕೆಲಸ ಮಾಡುತ್ತವೆ ಅಂತ ನೋಡೋಣ. ತೋಟದವರಿಗೆ ಇದು ಸುಲಭ. ನಿಮ್ಮ ಮೋಟರ್ ಪೂರ್ತಿ ನೀರು ಎತ್ತುತ್ತಿದೆ, ನಿಮಗೆ ಸ್ವಲ್ಪವೇ ಬೇಕು ಅಂದುಕೊಳ್ಳಿ. ಒಂದು ದಾರಿ, ಗೇಟ್ ವಾಲ್ವ್ ಅರ್ಧ ಮುಚ್ಚುವುದು. ನೀರು ಹದವಾಗಿ ಬರುತ್ತದೆ, ಒಂದೇ ಸಮ ಬರುತ್ತದೆ, ಆದರೆ ಮಿಕ್ಕ ಒತ್ತಡವೆಲ್ಲ ವಾಲ್ವಿನಲ್ಲೇ ವ್ಯರ್ಥ. ಲೀನಿಯರ್ ರೆಗ್ಯುಲೇಟರ್ ಈ ವಾಲ್ವ್. ಇನ್ನೊಂದು ದಾರಿ, ಮೋಟರನ್ನು ಸ್ವಲ್ಪ ಹೊತ್ತು ಪೂರ್ತಿ ಓಡಿಸಿ ಟ್ಯಾಂಕಿಗೆ ಬಿಡುವುದು, ಆಫ್ ಮಾಡುವುದು, ಮತ್ತೆ ಓಡಿಸುವುದು. ಟ್ಯಾಂಕಿನಿಂದ ತೋಟಕ್ಕೆ ಸಮನಾಗಿ ನೀರು ಇಳಿಯುತ್ತದೆ. ಸ್ವಿಚಿಂಗ್ ರೆಗ್ಯುಲೇಟರ್ ಹೀಗೆ. ಎಲ್‌ಎಂ2596 ಸೆಕೆಂಡಿಗೆ 1,50,000 ಸಲ ಆನ್-ಆಫ್ ಮಾಡುತ್ತದೆ. ಕಾಯಿಲ್ ಮತ್ತು ಕೆಪಾಸಿಟರ್ ಸೇರಿ ಟ್ಯಾಂಕಿನ ಕೆಲಸ ಮಾಡುತ್ತವೆ. ವ್ಯರ್ಥ ಕಡಿಮೆ. ಆದರೆ ಟ್ಯಾಂಕಿನ ನೀರಿನ ಮಟ್ಟ ಆನ್-ಆಫ್ ಜೊತೆ ಸಣ್ಣಗೆ ಏರಿಳಿಯುತ್ತಲೇ ಇರುತ್ತದೆ ಅಲ್ವಾ? ಆ ಏರಿಳಿತವೇ ರಿಪಲ್.

ಈಗ ನಿಮ್ಮ 7805ರ ಲೆಕ್ಕ. ಲೀನಿಯರ್‌ನಲ್ಲಿ ಬಿಸಿ ಎಷ್ಟು ಅಂತ ತಿಳಿಯಲು ಒಂದೇ ಗುಣಾಕಾರ ಸಾಕು: ಇಳಿಸಬೇಕಾದ ವೋಲ್ಟ್ ಗುಣಿಸು ಆಂಪ್. ವೈಫೈ ಆನ್ ಇರುವ ಇಎಸ್‌ಪಿ32 ಸುಮಾರು 100 ಮಿಲಿಆಂಪ್, ಎರಡು ರಿಲೇಗೆ 140, ಜಿಎಸ್‌ಎಂ ಮತ್ತು ಸೆನ್ಸರ್ ಇನ್ನಷ್ಟು. ಮೋಟರ್ ಓಡುವಾಗ ಒಟ್ಟು 300 ಮಿಲಿಆಂಪ್ ಹತ್ತಿರ ಬರುತ್ತದೆ. 12ರಿಂದ 5ಕ್ಕೆ ಇಳಿಸಲು 7 ವೋಲ್ಟ್, 0.3 ಆಂಪ್. ಅಂದರೆ 2.1 ವ್ಯಾಟ್ ಬಿಸಿ. ಹೀಟ್ ಸಿಂಕ್ (ಬಿಸಿಯನ್ನು ಹೊರಗೆ ಬಿಡುವ ಲೋಹದ ತುಂಡು) ಇಲ್ಲದ 7805 ಪ್ರತಿ ವ್ಯಾಟಿಗೆ ಸುಮಾರು 65 ಡಿಗ್ರಿ ಏರುತ್ತದೆ. 2.1 ವ್ಯಾಟಿಗೆ 136 ಡಿಗ್ರಿ ಏರಿಕೆ. ಹೊರಗಿನ ಸೆಕೆ ಇದರ ಮೇಲೆ.

ಆದರೆ ಮಧ್ಯಾಹ್ನವೇ ಯಾಕೆ ಆಫ್ ಆಗುತ್ತಿತ್ತು? ಬಿಸಿಲಿಗೆ ಬಾಕ್ಸ್ ಕಾದಿದ್ದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಬೇರೆ. ಮಧ್ಯಾಹ್ನ ನಿಮ್ಮ ಬ್ಯಾಟರಿ 12 ವೋಲ್ಟಿನಲ್ಲಿ ಇರುವುದಿಲ್ಲ. ಪ್ಯಾನೆಲ್ ಚಾರ್ಜ್ ಮಾಡುವಾಗ ಅದು 14.4 ವೋಲ್ಟಿನವರೆಗೆ ಏರುತ್ತದೆ. ಆಗ ಇಳಿಸಬೇಕಾದದ್ದು 9.4 ವೋಲ್ಟ್, ಬಿಸಿ 2.8 ವ್ಯಾಟ್. ಬಾಕ್ಸ್ ಒಳಗೆ 50 ಡಿಗ್ರಿ ಇದ್ದರೆ ಲೆಕ್ಕದ ಪ್ರಕಾರ ಚಿಪ್ 230 ಡಿಗ್ರಿ ದಾಟಬೇಕು. ಅಷ್ಟು ದೂರ ಹೋಗುವ ಮೊದಲೇ ಒಳಗಿನ ಥರ್ಮಲ್ ಶಟ್‌ಡೌನ್ ಅದನ್ನು ಆಫ್ ಮಾಡುತ್ತದೆ. ನಿಮ್ಮ 7805 ಕೆಟ್ಟಿರಲಿಲ್ಲ, ತನ್ನನ್ನು ತಾನು ಉಳಿಸಿಕೊಳ್ಳುತ್ತಿತ್ತು. ಅದನ್ನು ಬಿಸಾಕಬೇಡಿ, ಕೊನೆಗೆ ಬೇಕಾಗುತ್ತದೆ.

ಹೀಟ್ ಸಿಂಕ್ ಹಾಕಿದ್ದರೆ ಆಗುತ್ತಿರಲಿಲ್ಲವೇ? ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸಣ್ಣ ಯು ಆಕಾರದ ಅಲ್ಯೂಮಿನಿಯಂ ತುಂಡು ಪ್ರತಿ ವ್ಯಾಟಿಗೆ 20 ಡಿಗ್ರಿ ಮೇಲೆಯೇ ಏರುತ್ತದೆ. ನಿಮಗೆ 15ಕ್ಕಿಂತ ಕಡಿಮೆ ಇರುವ ದೊಡ್ಡ ಸಿಂಕ್ ಬೇಕು. ಹಾಕಿದರೂ ಮುಚ್ಚಿದ ಪ್ಲಾಸ್ಟಿಕ್ ಬಾಕ್ಸ್ ಒಳಗೆ ಬಿಸಿ ಎಲ್ಲಿಗೆ ಹೋಗಬೇಕು? ಪಕ್ಕದಲ್ಲಿರುವ ಕೆಪಾಸಿಟರ್‌ಗಳನ್ನು ಬೇಯಿಸುತ್ತಾ ಅಲ್ಲೇ ಉಳಿಯುತ್ತದೆ. ಆದ್ದರಿಂದ ಬಕ್‌ಗೆ ಬದಲಾಯಿಸಿದ್ದು ಸರಿಯಾದ ತೀರ್ಮಾನ.

ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಗುಣಾಕಾರ ಮಾಡಿದಾಗ ಅರ್ಧ ವ್ಯಾಟಿಗಿಂತ ಕಡಿಮೆ ಬಂದರೆ ಯೋಚನೆ ಮಾಡದೆ ಲೀನಿಯರ್ ಹಾಕುತ್ತೇನೆ. ಒಂದು ವ್ಯಾಟ್ ಹತ್ತಿರ ಬಂದರೆ ಹೀಟ್ ಸಿಂಕಿಗೆ ಜಾಗ ಇದೆಯೇ, ಗಾಳಿ ಇದೆಯೇ ನೋಡುತ್ತೇನೆ. ಎರಡು ದಾಟಿದರೆ ಸ್ವಿಚಿಂಗ್. ಇದನ್ನು ಬ್ಯಾಟರಿಯ ಅತಿ ಹೆಚ್ಚಿನ ವೋಲ್ಟೇಜ್ ಇಟ್ಟುಕೊಂಡು ಲೆಕ್ಕ ಹಾಕಬೇಕು, ಬ್ಯಾಟರಿ ಮೇಲೆ ಬರೆದ 12 ಇಟ್ಟುಕೊಂಡು ಅಲ್ಲ. ಕಂಪನಿ ಕೊಡುವ ಡೇಟಾಶೀಟಿನಲ್ಲಿ ‘1.5 ಆಂಪ್’ ಅಂತ ಇದೆಯಲ್ಲಾ ಅಂತ ಬಹಳ ಜನ ಕೇಳುತ್ತಾರೆ. ಬಿಸಿಯನ್ನು ಹೊರಗೆ ಸಾಗಿಸುವ ವ್ಯವಸ್ಥೆ ಇದ್ದರೆ ಮಾತ್ರ ಆ 1.5 ಆಂಪ್. ಬರೀ ಬೋರ್ಡಿನ ಮೇಲೆ ನಿಂತ 7805ಗೆ ಆ ಸಂಖ್ಯೆ ಅನ್ವಯಿಸುವುದಿಲ್ಲ.

ಇನ್ನು ಗೆಳೆಯರ ಮಾತು. ಸ್ವಿಚಿಂಗ್ ಹೊಸದು, ಲೀನಿಯರ್ ಹಳೆಯದು ಅನ್ನುವುದು ತಪ್ಪು. 1977ರಲ್ಲಿ ಬಂದ ಆಪಲ್ ಟು ಕಂಪ್ಯೂಟರ್‌ಗೇ ರಾಡ್ ಹೋಲ್ಟ್ ಸ್ವಿಚಿಂಗ್ ಸಪ್ಲೈ ಮಾಡಿದ್ದರು. ಇವತ್ತಿನ ಸ್ಮಾರ್ಟ್‌ಫೋನ್ ಬಿಚ್ಚಿ ನೋಡಿದರೆ ಒಳಗೆ ಎರಡೂ ಬಗೆ ಅಕ್ಕಪಕ್ಕದಲ್ಲಿವೆ. ಜಾಸ್ತಿ ಕರೆಂಟ್ ಎಳೆಯುವ ಪ್ರೊಸೆಸರಿಗೆ ಸ್ವಿಚಿಂಗ್, ರೇಡಿಯೋ ಮತ್ತು ಕ್ಯಾಮೆರಾದ ಸೂಕ್ಷ್ಮ ಭಾಗಗಳಿಗೆ ಲೀನಿಯರ್. ಯಾವ ಕೆಲಸಕ್ಕೆ ಯಾವುದು ಅನ್ನುವುದಷ್ಟೇ ಪ್ರಶ್ನೆ.

‘ಸೆನ್ಸರ್ ಇದ್ದರೆ ಸ್ವಿಚಿಂಗ್ ಬೇಡ’ ಅನ್ನುವ ಮಾತಿಗೆ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ನಿಮ್ಮ ರೀಡಿಂಗ್ ನಿಜವಾಗಿಯೂ ಕುಣಿಯುತ್ತಿದೆ. ಹಲವು ವರ್ಷದ ಹಿಂದೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ ನನ್ನ ಟೇಬಲ್ಲಿಗೆ ಬಂತು. ಖಾಲಿ ತಟ್ಟೆಯಲ್ಲೂ ಡಿಸ್‌ಪ್ಲೇ ನಿಲ್ಲುತ್ತಿರಲಿಲ್ಲ. ಒಳಗೆ ಬಕ್ ಇತ್ತು. ಮಾಡಿದವರು ಎರಡು ಸಲ ಬಕ್ ಚಿಪ್ ಬದಲಾಯಿಸಿ ಸೋತಿದ್ದರು. ನಾನು ಚಿಪ್ ಮುಟ್ಟಲಿಲ್ಲ. ತೂಕ ಅಳೆಯುವ ಲೋಡ್ ಸೆಲ್‌ನ ಗ್ರೌಂಡ್ ವೈರ್, ಅಂದರೆ ಕರೆಂಟ್ ವಾಪಸ್ ಬರುವ ವೈರ್, ಡಿಸ್‌ಪ್ಲೇ ಬ್ಯಾಕ್‌ಲೈಟ್‌ನ ಗ್ರೌಂಡ್ ಜೊತೆ ಒಂದೇ ತೆಳು ವೈರಿನಲ್ಲಿ ವಾಪಸ್ ಬರುತ್ತಿತ್ತು. ಅದನ್ನು ಬಿಚ್ಚಿ ಬೇರೆ ವೈರಿನಲ್ಲಿ ನೇರ ಸಪ್ಲೈ ಗ್ರೌಂಡಿಗೆ ಬೆಸುಗೆ ಹಾಕಿದೆ. ಅಂಕಿ ನಿಂತಿತು. ಆ ಸಪ್ಲೈ ಅದೇ ಬಕ್‌ನಿಂದಲೇ ನಡೆಯುತ್ತಿತ್ತು.

ನಿಮ್ಮ ಬಾಕ್ಸಿನಲ್ಲೂ ಇದೇ ಆಗಿರುವ ಸಾಧ್ಯತೆ ಜಾಸ್ತಿ. ರಿಲೇ, ಜಿಎಸ್‌ಎಂ, ಸೆನ್ಸರ್ ಎಲ್ಲದರ ಗ್ರೌಂಡ್ ಬ್ರೆಡ್‌ಬೋರ್ಡಿನ (ಬೆಸುಗೆ ಇಲ್ಲದೆ ವೈರ್ ಚುಚ್ಚುವ ಹಲಗೆ) ಒಂದೇ ಉದ್ದ ಸಾಲಿಗೆ ಚುಚ್ಚಿದ್ದೀರಿ ಅಂತ ನನ್ನ ಊಹೆ. ವೈರ್ ಅಂದರೆ ಸಣ್ಣ ರೆಸಿಸ್ಟರೇ. ಜಿಎಸ್‌ಎಂ 2 ಆಂಪ್ ಎಳೆದಾಗ ಆ ವೈರಿನಲ್ಲಿ 0.1 ಓಮ್ ಇದ್ದರೂ ಗ್ರೌಂಡ್ 200 ಮಿಲಿವೋಲ್ಟ್ ಎತ್ತರಕ್ಕೆ ಜಿಗಿಯುತ್ತದೆ. ಸೆನ್ಸರ್ ಪಾಲಿಗೆ ಮಣ್ಣು ಒಣಗಿತು, ಮತ್ತೆ ಒದ್ದೆಯಾಯಿತು. ಬಕ್‌ನ ರಿಪಲ್ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಚಿಕ್ಕದು, ಹತ್ತಾರು ಮಿಲಿವೋಲ್ಟ್ ಅಷ್ಟೇ. ವೋಲ್ಟೇಜಿನ ಏರಿಳಿತವನ್ನು ಚಿತ್ರವಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ದೊಡ್ಡ ಮುಳ್ಳುಗಳು ಕಂಡರೂ ತಕ್ಷಣ ನಂಬಬೇಡಿ. ಪ್ರೋಬಿನ ಉದ್ದನೆಯ ಗ್ರೌಂಡ್ ಕ್ಲಿಪ್ಪೇ ಆಂಟೆನಾ ಆಗಿ ಅರ್ಧ ಮುಳ್ಳುಗಳನ್ನು ಹಿಡಿದು ತರುತ್ತದೆ. ಕ್ಲಿಪ್ ತೆಗೆದು, ಪ್ರೋಬ್ ತುದಿಗೆ ಒಂದು ಸಣ್ಣ ತಂತಿ ಸುತ್ತಿ, ಕೆಪಾಸಿಟರ್‌ನ ಎರಡು ಕಾಲಿನ ಮೇಲೇ ನೇರ ಇಟ್ಟು ನೋಡಿ. ಚಿತ್ರವೇ ಬದಲಾಗುತ್ತದೆ.

ಇನ್ನೊಂದು ತಪ್ಪು ನಂಬಿಕೆ ಇಲ್ಲೇ ಹೇಳಿಬಿಡುತ್ತೇನೆ. ಬಕ್ ಆದಮೇಲೆ ಒಂದು ಲೀನಿಯರ್ ಹಾಕಿದರೆ ರಿಪಲ್ ಪೂರ್ತಿ ಮಾಯ ಅನ್ನುತ್ತಾರೆ. ಲೀನಿಯರ್ ನಿಧಾನದ ಏರಿಳಿತವನ್ನು ಚೆನ್ನಾಗಿ ತಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ಸಪ್ಲೈಯ 100 ಹರ್ಟ್ಸ್ ಹಮ್ ಅದರ ಮುಂದೆ ನಿಲ್ಲುವುದಿಲ್ಲ. ಆದರೆ 150 ಕಿಲೋಹರ್ಟ್ಸ್‌ನಲ್ಲಿ ಸಾಮಾನ್ಯ ಲೀನಿಯರ್‌ನ ಕೈ ಅಷ್ಟು ಬೇಗ ಓಡುವುದಿಲ್ಲ. ಮುಳ್ಳುಗಳು ಸುಮ್ನೆ ದಾಟಿಕೊಂಡು ಹೋಗುತ್ತವೆ. ಅದಕ್ಕೇ ಲೀನಿಯರ್‌ನ ಮೊದಲು ಒಂದು 10 ಓಮ್ ರೆಸಿಸ್ಟರ್, ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಅದರ ಪಕ್ಕ ಒಂದು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಬೇಕು. ಸೆನ್ಸರ್ ಎಳೆಯುವುದು ಕೆಲವೇ ಮಿಲಿಆಂಪ್ ಆದ್ದರಿಂದ ಆ ರೆಸಿಸ್ಟರಿನಲ್ಲಿ 0.1 ವೋಲ್ಟಿಗಿಂತ ಕಡಿಮೆಯೇ ಹೋಗುತ್ತದೆ. ಕೆಲವೇ ರೂಪಾಯಿಯ ಈ ಮೂರು ಬಿಡಿಭಾಗ ಎಷ್ಟೋ ಸಲ ದುಬಾರಿ ಚಿಪ್ ಮಾಡದ ಕೆಲಸ ಮಾಡುತ್ತವೆ.

ಜಿಎಸ್‌ಎಂ ರೀಸ್ಟಾರ್ಟ್ ವಿಷಯಕ್ಕೆ ಬರೋಣ. ಹಿಂದೆ ಫೋನಿಗೆ ಕರೆ ಬರುವ ಮುಂಚೆ ಪಕ್ಕದ ರೇಡಿಯೋ, ಟೀವಿ ಸ್ಪೀಕರಿನಲ್ಲಿ ‘ಟಿಕ್ ಟಿಕ್ ಟರ್ರ್’ ಅಂತ ಸದ್ದು ಬರುತ್ತಿದ್ದುದು ಮನೆಯಲ್ಲಿ ಯಾರಿಗಾದರೂ ನೆನಪಿರಬಹುದು, ಕೇಳಿ ನೋಡಿ. ಜಿಎಸ್‌ಎಂ ಸೆಕೆಂಡಿಗೆ 217 ಸಲ ತುಂಡು ತುಂಡಾಗಿ ಟ್ರಾನ್ಸ್‌ಮಿಟ್ ಮಾಡುವ ಸದ್ದು ಅದು. ಸಿಮ್800ಎಲ್ ಒಂದೊಂದು ತುಂಡಿನಲ್ಲೂ ಸುಮಾರು 0.58 ಮಿಲಿಸೆಕೆಂಡ್ ಕಾಲ 2 ಆಂಪ್‌ವರೆಗೆ ಎಳೆಯುತ್ತದೆ. ಅದಕ್ಕೆ ಬೇಕಾದ ವೋಲ್ಟೇಜ್ 3.4ರಿಂದ 4.4ರ ನಡುವೆ. ಮಲ್ಟಿಮೀಟರ್ ಇದನ್ನು ಹಿಡಿಯುವುದಿಲ್ಲ. ಅದು ಸರಾಸರಿ ತೋರಿಸಿ ‘ಎಲ್ಲಾ ಸರಿ ಇದೆ’ ಅನ್ನುತ್ತದೆ. ಆ ಅರೆ ಮಿಲಿಸೆಕೆಂಡಿನಲ್ಲಿ ತೆಳು ಜಂಪರ್ ವೈರಿನಲ್ಲಿ ವೋಲ್ಟೇಜ್ ಕುಸಿದು 3.4ಕ್ಕಿಂತ ಕೆಳಗೆ ಹೋದರೆ ಮಾಡ್ಯೂಲ್ ಆಫ್. ‘1000 ಮೈಕ್ರೋಫ್ಯಾರಡ್ ಹಾಕಿದ್ದೇನೆ, ಆದರೂ ಹೀಗೆ’ ಅಂತ ಕೆಲವರು ಬರೆಯುತ್ತಾರೆ. ಕೆಪಾಸಿಟರ್ ಒಂದೇ ಆ 2 ಆಂಪ್ ಹೊರಬೇಕಾದರೆ 1000 ಮೈಕ್ರೋಫ್ಯಾರಡ್ 1.15 ವೋಲ್ಟ್ ಇಳಿಯುತ್ತದೆ. ಹಾಗಾಗಿ ಹಿಂದಿನಿಂದ ದಪ್ಪ ವೈರಿನಲ್ಲಿ ಸಪ್ಲೈ ಕೂಡ ಕೈ ಜೋಡಿಸಲೇಬೇಕು.

ನೀವು 5 ವೋಲ್ಟಿನಿಂದ ಒಂದು ಡಯೋಡ್ ದಾಟಿಸಿ ಜಿಎಸ್‌ಎಂಗೆ ಕೊಟ್ಟಿದ್ದರೆ ಅದನ್ನು ಬಿಡಿ. ಇನ್ನೊಂದು ಎಲ್‌ಎಂ2596 ಮಾಡ್ಯೂಲ್ ತಂದು 4.0 ವೋಲ್ಟಿಗೆ ಹೊಂದಿಸಿ, ನೇರ ಬ್ಯಾಟರಿಯಿಂದ ಜಿಎಸ್‌ಎಂಗೆ ಮಾತ್ರ ಕೊಡಿ. ಮನೆ ವೈರಿಂಗಿನ 0.75 ಚದರ ಮಿಲಿಮೀಟರ್ ವೈರ್ ಸಾಕು, ಒಂದು ಗೇಣಿಗಿಂತ ಉದ್ದ ಬೇಡ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾಡ್ಯೂಲಿನ ಪಿನ್ನಿಗೇ ಬೆಸುಗೆಯಾಗಲಿ. ಬ್ರೆಡ್‌ಬೋರ್ಡ್ ಈ ಕರೆಂಟಿಗೆ ಆಗಿ ಬರುವುದಿಲ್ಲ. ಹೀಗೆ ಜಿಎಸ್‌ಎಂ ಬೇರೆಯಾದರೆ ಅದರ ಜಿಗಿತವೂ ಉಳಿದ ಸರ್ಕಿಟ್‌ನಿಂದ ದೂರ ಹೋಗುತ್ತದೆ. ರೀಡಿಂಗ್ ಕುಣಿತದ ದೊಡ್ಡ ಪಾಲು ಇಲ್ಲೇ ಕಡಿಮೆಯಾಗಬೇಕು.

ಬ್ಯಾಟರಿ ಲೆಕ್ಕ ಕೇಳಿ. ಲೀನಿಯರ್‌ನಲ್ಲಿ 5 ವೋಲ್ಟ್ ಕಡೆ 250 ಮಿಲಿಆಂಪ್ ಹೋದರೆ ಬ್ಯಾಟರಿಯಿಂದಲೂ 250 ಹೋಗುತ್ತದೆ. ದಿನಕ್ಕೆ 6 ಆಂಪ್-ಅವರ್. ಬಕ್‌ನಲ್ಲಿ, ಶೇಕಡಾ 80 ದಕ್ಷತೆ ಹಿಡಿದರೆ, ಬ್ಯಾಟರಿಯಿಂದ 130 ಮಿಲಿಆಂಪ್ ಮಾತ್ರ. ದಿನಕ್ಕೆ 3.1. ಅರ್ಧ ಉಳಿಯಿತು. ಆದರೂ ಎರಡು ದಿನ ಮೋಡ ಇದ್ದರೆ 6.2 ಖರ್ಚು, ನಿಮ್ಮ ಬ್ಯಾಟರಿ ಇರುವುದೇ 7. ನೀವು ಬರೆದದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಹೀಗೆ ಪದೇ ಪದೇ ತಳ ಕಾಣಿಸಿದರೆ ಅದು ಬೇಗ ಸಾಯುತ್ತದೆ.

ಇಲ್ಲಿ ಮುಂದಿನ ಉಳಿತಾಯ ರೆಗ್ಯುಲೇಟರಿನಲ್ಲಿ ಇಲ್ಲ, ರಿಲೇಯಲ್ಲಿದೆ. ಎರಡು ರಿಲೇಯನ್ನೂ ಹಿಡಿದಿಟ್ಟು ಓಡಿಸುತ್ತಿದ್ದೀರಿ ಅನ್ನಿಸುತ್ತದೆ. ಸ್ಟಾರ್ಟರಿನ ಹಸಿರು ಬಟನ್ನನ್ನು ನೀವು ಕೈಯಲ್ಲಿ ಒತ್ತಿ ಹಿಡಿದು ನಿಲ್ಲುವುದಿಲ್ಲವಲ್ಲ? ಒಂದೆರಡು ಸೆಕೆಂಡ್ ಒತ್ತಿ ಬಿಡುತ್ತೀರಿ. ರಿಲೇಯೂ ಅಷ್ಟೇ ಮಾಡಲಿ. ಕೆಂಪು ಬಟನ್ ಸಾಲಿನಲ್ಲಿ ಹಾಕಿದ ರಿಲೇಯ ನಾರ್ಮಲಿ ಕ್ಲೋಸ್ಡ್ ತುದಿ (ರಿಲೇಗೆ ಕರೆಂಟ್ ಇಲ್ಲದಾಗ ಕೂಡಿಕೊಂಡೇ ಇರುವುದು) ಬಳಸಿ. ಆಗ ಮೋಟರ್ ನಿಲ್ಲಿಸುವಾಗ ಮಾತ್ರ ಅದಕ್ಕೆ ಕರೆಂಟ್ ಬೇಕು. ಇದರಿಂದ ಸರಾಸರಿ 100 ಮಿಲಿಆಂಪ್ ಇಳಿಯುತ್ತದೆ, ದಿನದ ಖರ್ಚು 1.9 ಆಂಪ್-ಅವರ್ ಹತ್ತಿರ ಬರುತ್ತದೆ. ಸ್ಟಾರ್ಟರ್ ಒಳಗೆ ತ್ರೀ ಫೇಸ್ ಇರುತ್ತದೆ. ಆ ಭಾಗದ ಕೆಲಸವನ್ನು ಮೇನ್ ಆಫ್ ಮಾಡಿಸಿ, ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಇದು ದಯವಿಟ್ಟು.

‘ಸ್ವಿಚಿಂಗ್ ಹಾಕಿದರೆ ಬ್ಯಾಟರಿ ಯಾವಾಗಲೂ ಉಳಿಯುತ್ತದೆ’ ಅನ್ನುವುದು ಕೂಡ ಪೂರ್ತಿ ನಿಜವಲ್ಲ. ಎಲ್‌ಎಂ2596 ಏನೂ ಕೆಲಸ ಇಲ್ಲದಾಗಲೂ 5 ಮಿಲಿಆಂಪ್ ತಿನ್ನುತ್ತದೆ. ನಾಳೆ ನೀವು ಗಂಟೆಗೊಮ್ಮೆ ಎದ್ದು ಮಲಗುವ, ಸಣ್ಣ ಲಿಥಿಯಂ ಸೆಲ್ಲಿನ ಸೆನ್ಸರ್ ಮಾಡಿದರೆ, 2000 ಮಿಲಿಆಂಪ್-ಅವರ್ ಸೆಲ್ಲನ್ನು ಆ 5 ಮಿಲಿಆಂಪ್ ಒಂದೇ ಹದಿನೇಳು ದಿನದೊಳಗೆ ಮುಗಿಸುತ್ತದೆ. ಅಂಥ ಕಡೆ ಎಂಸಿಪಿ1700 ಥರದ ಲೀನಿಯರ್ ಹಾಕಿ. ತನಗಾಗಿ 2 ಮೈಕ್ರೋಆಂಪ್‌ಗಿಂತ ಕಡಿಮೆ ತೆಗೆದುಕೊಳ್ಳುತ್ತದೆ. ಆದರೆ ಅದಕ್ಕೆ 6 ವೋಲ್ಟ್ ಮೇಲೆ ಕೊಡಬಾರದು, 12 ವೋಲ್ಟ್ ಬ್ಯಾಟರಿ ಹತ್ತಿರ ಒಯ್ಯಬೇಡಿ.

ಬಕ್ ಮಾಡ್ಯೂಲ್‌ನ ಅಪಾಯ ಎರಡು. ಒಂದು, ಅದರ ಮೇಲಿರುವ, ವೋಲ್ಟೇಜ್ ಹೊಂದಿಸುವ ನೀಲಿ ಟ್ರಿಮ್‌ಪಾಟ್. ಅಂಗಡಿಯಿಂದ ಬರುವಾಗ ಅದು ಎಷ್ಟು ವೋಲ್ಟಿಗೆ ನಿಂತಿದೆಯೋ ಹೇಳಲಾಗದು. ಏನನ್ನೂ ಜೋಡಿಸದೆ, ಮೀಟರ್ ಹಿಡಿದು, ಹಿತ್ತಾಳೆ ಸ್ಕ್ರೂವನ್ನು ನಿಧಾನಕ್ಕೆ ತಿರುಗಿಸಿ. ಮೊದಲ ಹತ್ತು ಸುತ್ತು ಏನೂ ಬದಲಾಗದೆ ಇರಬಹುದು, ಗಾಬರಿ ಬೇಡ. ವೋಲ್ಟೇಜ್ ಸರಿ ಬಂದ ಮೇಲೆ ಸ್ಕ್ರೂ ಮೇಲೆ ಒಂದು ಹನಿ ಉಗುರು ಬಣ್ಣ ಹಾಕಿ, ಮೋಟರಿನ ಅದುರಿಗೆ ತಿರುಗುವುದಿಲ್ಲ. ಎರಡು, ಬಕ್‌ನ ಒಳಗಿನ ಸ್ವಿಚ್ ಶಾರ್ಟ್ ಆದರೆ ಬ್ಯಾಟರಿಯ 12 ವೋಲ್ಟ್ ನೇರವಾಗಿ 5 ವೋಲ್ಟ್ ಲೈನಿಗೆ ಬಂದು ಎಲ್ಲವನ್ನೂ ಸುಡುತ್ತದೆ. ಬ್ಯಾಟರಿ ಪ್ಲಸ್‌ನಲ್ಲಿ 1 ಆಂಪ್ ಫ್ಯೂಸ್ ಹಾಕಿ, 5 ವೋಲ್ಟ್ ಲೈನಿಗೆ 5.6 ವೋಲ್ಟ್, 5 ವ್ಯಾಟಿನ ಜೀನರ್ ಹಾಕಿ. ವೋಲ್ಟೇಜ್ ಜಿಗಿದರೆ ಜೀನರ್ ಅದನ್ನು ಗ್ರೌಂಡಿಗೆ ಎಳೆಯುತ್ತದೆ, ಫ್ಯೂಸ್ ಹೋಗುತ್ತದೆ, ಬೋರ್ಡ್ ಉಳಿಯುತ್ತದೆ.

ಈಗ ಆ ಹಳೇ 7805. ಅದನ್ನು ನೇರ ಬ್ಯಾಟರಿಯಿಂದ ಜೋಡಿಸಿ, ಸೆನ್ಸರ್ ಒಂದಕ್ಕೇ ಕೊಡಿ. ಸೆನ್ಸರ್ 10 ಮಿಲಿಆಂಪ್ ಎಳೆದರೂ, 14.4 ವೋಲ್ಟಿನಲ್ಲಿ ಹುಟ್ಟುವ ಬಿಸಿ 0.1 ವ್ಯಾಟ್‌ಗಿಂತ ಕಡಿಮೆ. ಹೀಟ್ ಸಿಂಕ್ ಬೇಡ, ಬೆರಳಿಟ್ಟರೆ ಬಿಸಿಯೇ ತಿಳಿಯದು. ಅದರ ಪಾಲಿನ 5 ಮಿಲಿಆಂಪ್ ನಿಮ್ಮ ಬ್ಯಾಟರಿಗೆ ಲೆಕ್ಕಕ್ಕಿಲ್ಲ. ಮೇಲೆ ಹೇಳಿದ 10 ಓಮ್, 100 ಮೈಕ್ರೋಫ್ಯಾರಡ್ ಅದರ ಮುಂದೆ ಇರಲಿ. ಕಾಲಿನ ಹತ್ತಿರ, ಇನ್‌ಪುಟ್ ಕಡೆ 0.33 ಮತ್ತು ಔಟ್‌ಪುಟ್ ಕಡೆ 0.1 ಮೈಕ್ರೋಫ್ಯಾರಡ್ ಮರೆಯಬೇಡಿ. ಸೆನ್ಸರ್‌ನ ಗ್ರೌಂಡ್ ಇಎಸ್‌ಪಿ32 ಬೋರ್ಡಿನ ಗ್ರೌಂಡ್ ಪಿನ್ನಿಗೆ ತನ್ನದೇ ವೈರಿನಲ್ಲಿ ಹೋಗಲಿ, ರಿಲೇ ಜೊತೆ ಸೇರಿಸಬೇಡಿ. ಸಿಗ್ನಲ್ ವೈರನ್ನು 32ರಿಂದ 39ರೊಳಗಿನ ಪಿನ್ನಿಗೆ ಕೊಡಿ. ವೈಫೈ ಆನ್ ಇರುವಾಗ ಉಳಿದ ಅನಲಾಗ್ ಪಿನ್‌ಗಳ ರೀಡಿಂಗ್ ನಂಬುವಂತಿಲ್ಲ. ಜೋಡಿಸುವ ಮೊದಲು ಸೆನ್ಸರನ್ನು ಒಣಗಿಸಿ, ಗಾಳಿಯಲ್ಲಿ ಹಿಡಿದು, ಅದರ ಔಟ್‌ಪುಟ್ ಮೀಟರಿನಲ್ಲಿ ನೋಡಿ. 3 ವೋಲ್ಟಿನ ಒಳಗಿದ್ದರೆ ನೇರ ಕೊಡಬಹುದು. ಮೇಲೆ ಹೋದರೆ ಎರಡು ರೆಸಿಸ್ಟರಿನಿಂದ ಇಳಿಸಿ ಕೊಡಿ, ಇಲ್ಲದಿದ್ದರೆ ಪಿನ್ ಹೋಗುತ್ತದೆ.